ಗಣಿತದ ಕಿರು ವಿಡಿಯೋಗಳ ಕುರಿತು ಸದಸ್ಯರಿಗೆ ಸೂಚನೆ

ಶಿರಸಿ ಶೈಕ್ಷಣಿಕ ಜಿಲ್ಲೆಯ ಗಣಿತ ಶಿಕ್ಷಕ ಬಾಂಧವರಿಗೆ ನಮಸ್ಕಾರ.

ಈ ಗುಂಪಿನಲ್ಲಿ ಹಂಚಿಕೊಳ್ಳುವ ಪಾಠದ ವಿಡಿಯೋಗಳು ಆರು ನಿಮಿಷ ಮೀರದಿರಲಿ ಎಂದು ವಿನಂತಿ. ಎಡ್‌ಎಕ್ಸ್ ಆನ್‌ಲೈನ್ ಕೋರ್ಸುಗಳ ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಿಡಿಯೋ ಎಷ್ಟೇ ಉದ್ದವಿದ್ದರೂ ನೋಡುಗರ ಗಮನ ಸಾಮಾನ್ಯವಾಗಿ ಆರು ನಿಮಿಷದೊಳಗೇ ನಿಲ್ಲುವುದು ಕಂಡುಬಂದಿದೆ. ಅದೂ ಅಲ್ಲದೆ ಸಿದ್ದಾಪುರ, ಯಲ್ಲಾಪುರ ಕಡೆಯ ಹಳ್ಳಿಗಳ ನೆಟ್‌ವರ್ಕ್ ಸ್ಥಿತಿ ನಮಗೆಲ್ಲ ಗೊತ್ತೇ ಇದೆ.

ಒಂದು ವಿಡಿಯೋದಲ್ಲಿ ಒಂದೇ ಪರಿಕಲ್ಪನೆ ಸಾಕು. 23ರ ವರ್ಗವನ್ನು ಕಲಿಸುವಾಗ ಸೂತ್ರವನ್ನು ಬರೆದು ಓದುವ ಬದಲು, ಚೌಕಳಿ ಹಾಳೆಯ ಮೇಲೆ ಚೌಕವೊಂದನ್ನು ಎಳೆದು, ಬಾಹುಗಳನ್ನು 20 ಮತ್ತು 3 ಎಂದು ಭಾಗಿಸಿ, 400, 60, 60, 9 ಎಂಬ ನಾಲ್ಕು ತುಂಡುಗಳಿಗೆ ಒಂದೊಂದಾಗಿ ಬಣ್ಣ ಹಚ್ಚಿದರೆ, ಮಕ್ಕಳು ಸದಾ ಬಿಟ್ಟುಬಿಡುವ ಆ ಎರಡು 60ಗಳು ಎಲ್ಲಿಂದ ಬಂದವೆಂಬುದು ಕಣ್ಣಿಗೇ ಕಾಣುತ್ತದೆ. 529 ಎಂಬ ಉತ್ತರವನ್ನು ವಿಡಿಯೋ ಹೇಳುವ ಮೊದಲೇ ಅದನ್ನು ನಿಲ್ಲಿಸಿ, ಮಕ್ಕಳಿಂದಲೇ ಕೂಡಿಸಬೇಕು. ಹಾಗೆ ನಿಲ್ಲಿಸದ ವಿಡಿಯೋ, ನನ್ನ ಮಟ್ಟಿಗೆ, ಪಾಠವೇ ಅಲ್ಲ.

ಹಿನ್ನೆಲೆ ಸಂಗೀತ ಖಂಡಿತ ಬೇಡ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ದೀಕ್ಷಾ ವೇದಿಕೆಯಲ್ಲಿ ಸಿಗುವ ವಿಡಿಯೋಗಳನ್ನು ಮತ್ತೆ ಇಲ್ಲಿ ಹಾಕದೆ, ತರಗತಿ ಮತ್ತು ಅಧ್ಯಾಯದ ಹೆಸರನ್ನಷ್ಟೇ ತಿಳಿಸಬೇಕಾಗಿ ಕೋರಲಾಗಿದೆ.