ಅವರು, ಅವಳು, ತಾನು

ಬಸವನಗುಡಿ, ಬೆಂಗಳೂರು

ಪ್ರೀತಿಯ ಗೆಳತಿ,

ನಿಮ್ಮ ಹಸ್ತಪ್ರತಿ ಎರಡು ಸಲ ಓದಿದೆ. ‘ಯಾರ ಕಥೆ ಅಂತಲೇ ಗೊತ್ತಾಗೋದಿಲ್ಲ ಅಂತಾರೆ, ಬಿಟ್ಟುಬಿಡ್ಲಾ?’ ಎಂದು ಕೊನೆಗೆ ಬರೆದಿದ್ದೀರಿ. ಬಿಡಬೇಡಿ. ಕಾಗುಣಿತ, ಅಧ್ಯಾಯದ ಉದ್ದ, ಪ್ರಕಾಶಕರು, ಎಲ್ಲ ಆಮೇಲೆ.

ಮೂರನೇ ಅಧ್ಯಾಯ ತೆಗೆಯಿರಿ. ಮಲ್ಲೇಶ್ವರದ ಅಡುಗೆಮನೆ, ಹಾಲು ಉಕ್ಕಿಹೋಗಿದೆ. ‘ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು.’ ಚೆನ್ನಾಗಿದೆ. ನಾನು ಸೊಸೆಯ ಪಕ್ಕ ಒಲೆ ಮುಂದೆ ನಿಂತಿದ್ದೇನೆ. ಮುಂದಿನ ಸಾಲು, ‘ಅವಳಿಗೆ ತನ್ನ ಅತ್ತೆ ನೆನಪಾದಳು.’ ಯಾರಿಗೆ? ಓ, ಇದು ಅತ್ತೆ ಸರೋಜಮ್ಮನ ಮನಸ್ಸು. ನಾನು ಬಾಗಿಲಿಗೆ ಓಡಬೇಕಾಯಿತು. ಅಷ್ಟರಲ್ಲಿ ಮಗ ಬಂದ, ಅವನಿಗೆ ‘ಅಮ್ಮನ’ ಮುಖ ಕಂಡಿತು. ಒಂದೇ ಪುಟದಲ್ಲಿ ಮೂರು ತಲೆ! ನಿಮಗೆ ಮೂವರೂ ಇಷ್ಟ, ಅದು ಕಾಣುತ್ತದೆ. ಆದರೆ ಯಾರ ಹತ್ತಿರವೂ ಎರಡು ನಿಮಿಷ ಕೂರುವುದಿಲ್ಲವಲ್ಲ.

ಯಾರ ಕಣ್ಣಿಂದ ನೋಡುತ್ತಿದ್ದೇವೆ ಅನ್ನೋದನ್ನು ಕನ್ನಡದಲ್ಲಿ ಸರ್ವನಾಮವೇ ಹೇಳಿಬಿಡುತ್ತದೆ. ಸೊಸೆಗೆ ಸರೋಜಮ್ಮ ‘ಅವರು’. ತನ್ನ ಮನಸ್ಸಿನೊಳಗೆ ‘ತಾನು’. ‘ಅವಳು ಹಾಗನ್ನಬಾರದಿತ್ತು ಅಂದುಕೊಂಡಳು.’ ‘ತಾನು ಹಾಗನ್ನಬಾರದಿತ್ತು ಅಂದುಕೊಂಡಳು.’ ಒಂದು ಪದಕ್ಕೆ ಸಿಟ್ಟು ಹೋಗಿ ಪಶ್ಚಾತ್ತಾಪ ಬಂತು, ಅಲ್ವಾ? ‘ಒಳಗೆ ಬಂದ’ ಅಂದರೆ ನಾವು ಒಳಗಿದ್ದೇವೆ, ‘ಒಳಗೆ ಹೋದ’ ಅಂದರೆ ಜಗಲಿಯಲ್ಲಿ ಉಳಿದಿದ್ದೇವೆ.

‘ಕುವೆಂಪು ಎಲ್ಲರ ಮನಸ್ಸಿಗೂ ಹೋಗ್ತಾರಲ್ಲ’ ಎಂದು ಕೇಳಿದ್ದೀರಿ. ಹೌದು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯ ಮನಸ್ಸಿದೆ, ಅವನ ನಾಯಿ ಹುಲಿಯನ ಮನಸ್ಸೂ ಇದೆ. ಆದರೆ ಕಥೆ ಹೇಳುವವರೊಬ್ಬರು ಉದ್ದಕ್ಕೂ ನಮ್ಮ ಕೈ ಹಿಡಿದಿರುತ್ತಾರೆ. ನೀವು ಪಾತ್ರಕ್ಕೇ ಅಂಟಿಕೊಂಡು ಬರೆಯುವವರು. ಜಿಗಿಯುವ ಮೊದಲು ಒಂದು ಸಾಲು ಜಾಗ ಬಿಡಿ, ಇಲ್ಲವೇ ಅಧ್ಯಾಯ ಮುಗಿಸಿ.

ಇದಕ್ಕೆ ಇಷ್ಟು ಯಾಕೆ ಹಟ ಮಾಡುತ್ತೇನೆ, ಹೇಳುತ್ತೇನೆ. ನನ್ನ ಮೊದಲ ಕಾದಂಬರಿ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರ ಹೆಂಗಸು ಗಂಡನನ್ನು ಮನಸ್ಸಿನಲ್ಲೂ ‘ಅವರು’ ಅನ್ನುತ್ತಾಳೆ. ಕೊನೆಯ ಕಂತಿನಲ್ಲಿ, ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಾ, ಮೊದಲ ಸಲ ‘ಅವನು’ ಅಂದುಕೊಳ್ಳುತ್ತಾಳೆ. ಇಡೀ ಕಾದಂಬರಿ ಆ ಪದಕ್ಕಾಗಿ ಬರೆದದ್ದು. ಕರಡು ತಿದ್ದುವವರು ‘ಎಲ್ಲ ಕಡೆ ಒಂದೇ ಥರ ಇರಲಿ’ ಎಂದು ಅದನ್ನೂ ‘ಅವರು’ ಮಾಡಿದರು. ಅಚ್ಚಿಗೆ ಹೋಗುವ ಮೊದಲು ನನಗೆ ತೋರಿಸಿದ್ದರು ಕೂಡ. ಮುಂದಿನ ಅವಕಾಶ ತಪ್ಪೀತು ಎಂದು ತೆಪ್ಪಗಿದ್ದೆ. ಅವರ ಮೇಲಿನ ಕೋಪ ಎಂದೋ ಇಳಿಯಿತು. ನಾನು ಬಾಯಿ ಬಿಡಲಿಲ್ಲವಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಹಾಲು ಉಕ್ಕಿದ ಆ ದೃಶ್ಯವನ್ನು ಪೂರ್ತಿ ಸರೋಜಮ್ಮನ ಕಡೆಯಿಂದ ಬರೆಯಿರಿ. ನೀವು ಸೊಸೆಯ ಪಕ್ಷ, ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ. ಮನಸ್ಸಿನಲ್ಲಿ ಆಕೆ ಸೊಸೆಯನ್ನು ಏನಂತಾರೆ? ಹೆಸರು ಹಿಡಿದೇ? ‘ಇವಳು’ ಅಂತಲೇ? ‘ನಮ್ಮ ಹುಡುಗಿ’ ಅಂತಲೇ? ಅದು ಕಿವಿಗೆ ಬೀಳುವ ತನಕ ಪೆನ್ನು ಮುಟ್ಟಬೇಡಿ. ಭಾನುವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ, ತಂದುಕೊಟ್ಟರೂ ಸರಿ.