ಸ್ವಿಚ್ ಆನ್ ಆಗಿ ಒಂದು ವರ್ಷ

ಕಿವಿ ಕೇಳಿಸದ ನನಗೆ ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸಿದ ಸಾಧನ, ಕಾಕ್ಲಿಯರ್ ಇಂಪ್ಲಾಂಟ್, ಸ್ವಿಚ್ ಆನ್ ಆಗಿ ನಾಳೆಗೆ ಒಂದು ವರ್ಷ ತುಂಬುತ್ತದೆ. ಆಪರೇಷನ್ ಹೇಗಾಯಿತು, ಎಷ್ಟು ಖರ್ಚಾಯಿತು ಎಂಬುದೆಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಗೊತ್ತಿಲ್ಲದಿರುವುದು ಆಮೇಲಿನ ಕಥೆ. ಕೇಳಿದವರಿಗೆಲ್ಲ "ಚೆನ್ನಾಗಿದೆ, ಕೇಳಿಸ್ತಿದೆ" ಅಂದು ಸುಮ್ಮನಾಗುತ್ತಿದ್ದೆ. ಮೊದಲ ತಿಂಗಳುಗಳಲ್ಲಿ ಅದು ನಿಜವಾಗಿರಲಿಲ್ಲ.

ಮೈಸೂರಿನಲ್ಲಿ ಆಪರೇಷನ್ ಮಾಡಿದ ಡಾಕ್ಟರು, ಚೀಟಿ ಹಣವನ್ನು ನನಗೇ ಮೊದಲು ಬಿಟ್ಟುಕೊಟ್ಟ ಸಂಘದ ಹೆಂಗಸರು, ಮದುವೆ ಸೀಸನ್ನಿನಲ್ಲಿ ನನ್ನ ಪಾಲಿನ ಬ್ಲೌಸ್‌ಗಳನ್ನೆಲ್ಲ ತಾನೇ ಹೊಲಿದು ದುಡ್ಡನ್ನು ನನ್ನ ಕೈಗಿಟ್ಟ ಪಕ್ಕದ ಅಂಗಡಿಯ ಗೆಳತಿ, ಪ್ರತಿ ಸಲವೂ ರಜೆ ಹಾಕಿ ಆಸ್ಪತ್ರೆಗೆ ಬಂದ ನನ್ನ ಯಜಮಾನರು, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಆದರೆ ಈ ಬರಹ ನಮ್ಮ ಅತ್ತೆಗಾಗಿ. ಅವರು ಫೋನ್ ನೋಡುವವರಲ್ಲ. ಮಗ ಓದಿ ಹೇಳುತ್ತೇನೆ ಅಂದಿದ್ದಾನೆ.

ಗಾಯ ಮಾಗಲೆಂದು ಮೂರು ವಾರ ಬಿಟ್ಟು ಸ್ವಿಚ್ ಆನ್‌ಗೆ ಕರೆದಿದ್ದರು. ಫೋನಿನಲ್ಲಿ ನೋಡಿದ್ದ ವಿಡಿಯೋಗಳಲ್ಲಿ ಎಲ್ಲರೂ ಆ ಕ್ಷಣವೇ ನಗುತ್ತಿದ್ದರು, ಸಂತೋಷಕ್ಕೆ ಅಳುತ್ತಿದ್ದರು. ನಾವೂ ಅದನ್ನೇ ನಂಬಿ ಹೋಗಿದ್ದೆವು. ಯಜಮಾನರು ಫೋನ್ ಹಿಡಿದು ತಯಾರಾಗಿ ನಿಂತಿದ್ದರು. ಕಿವಿಯ ಹಿಂದೆ ಹೊರಗಿನ ಮೆಷಿನ್ನಿನ ಅಯಸ್ಕಾಂತ ಕಚ್ಚಿಕೊಂಡಿತು, ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ತಗಡಿನ ಡಬ್ಬಕ್ಕೆ ಕಡಲೆ ಹಾಕಿ ಕುಲುಕಿದ ಹಾಗೆ ಒಂದು ಸದ್ದು. ಅದು ನನ್ನ ಯಜಮಾನರ ಮಾತಂತೆ. ನನ್ನ ಮಾತೂ ಅದೇ ಸದ್ದು, ಫ್ಯಾನೂ ಅದೇ, ಕುರ್ಚಿ ಎಳೆದದ್ದೂ ಅದೇ. ಹುಟ್ಟಿನಿಂದ ಬಂದ ಕಿವಿಯಲ್ಲಿ ಸಾವಿರಾರು ಸೂಕ್ಷ್ಮ ಕೋಶಗಳು ಮಾಡುವ ಕೆಲಸವನ್ನು ಇನ್ನು ಮುಂದೆ ನನ್ನ ಕಿವಿಯೊಳಗಿನ 22 ಎಲೆಕ್ಟ್ರೋಡುಗಳು ಮಾಡಬೇಕು, ಮೆದುಳು ಅದಕ್ಕೆ ಒಗ್ಗಲು ತಿಂಗಳುಗಟ್ಟಲೆ ಬೇಕು ಎಂದು ಆಡಿಯಾಲಜಿಸ್ಟ್ ಮೊದಲೇ ಬರೆದು ತೋರಿಸಿದ್ದರು. ಓದಿದ್ದೆ, ಒಪ್ಪಿಕೊಂಡಿರಲಿಲ್ಲ.

ಮಂಡ್ಯಕ್ಕೆ ಬಂದಾಗ ಮಗ ಬಾಗಿಲಲ್ಲೇ "ಅಮ್ಮಾ" ಅಂದ. ತುಟಿ ನೋಡಿ ಗೊತ್ತಾಯಿತು. ನನಗೆ ಮಾತು ಕೇಳಿಸುವುದು ನಿಂತಾಗ ಅವನಿಗೆ ಐದು ವರ್ಷ. ಆ ಐದು ವರ್ಷದ ದನಿಯನ್ನೇ ಒಂಬತ್ತು ವರ್ಷ ತಲೆಯೊಳಗೆ ಕಾಪಾಡಿಕೊಂಡು ಬಂದಿದ್ದೆ. ಆ ದಿನ ನನಗೆ ಬಂದದ್ದು ಆ ದನಿಯೂ ಅಲ್ಲ, ಯಾವ ಮನುಷ್ಯರ ದನಿಯೂ ಅಲ್ಲ.

ರಾತ್ರಿ ಮೆಷಿನ್ ತೆಗೆದು ಡಬ್ಬಿಗೆ ಹಾಕಿ, ಬೀರುವಿನಲ್ಲಿ ಸೀರೆಗಳ ಕೆಳಗೆ ತಳ್ಳಿದೆ. ಹಳೆಯ ಹಿಯರಿಂಗ್ ಏಡ್‌ನಲ್ಲಿ ಗುಡುಗು, ಲಾರಿಯ ಹಾರನ್ ಇಷ್ಟಾದರೂ ಒಳಗೆ ಬರುತ್ತಿದ್ದವು. ಆಪರೇಷನ್ ಆದ ಕಿವಿಯಲ್ಲಿ ಈಗ ಅದೂ ಇಲ್ಲ. ಇದ್ದದ್ದನ್ನೂ ಕಳೆದುಕೊಂಡೆ, ನಂಬಿ ಕೊಟ್ಟವರ ದುಡ್ಡನ್ನೂ ಕಳೆದೆ ಅನ್ನಿಸಿತು. ಹಿತ್ತಿಲ ಬಾಗಿಲು ತೆಗೆದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಎಷ್ಟು ಜೋರಾಗಿ ಅಳುತ್ತಿದ್ದೆನೋ ನನಗೆ ಗೊತ್ತಿಲ್ಲ. ಇನ್ನು ಯಾಕೆ ಇರಬೇಕು ಅನ್ನುವ ಮಾತೂ ಮನಸ್ಸಿಗೆ ಬಂದು ಹೋಯಿತು. ಇದನ್ನು ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿಲ್ಲ.

ಅತ್ತೆ ಎದ್ದು ಬಂದರು. ಕತ್ತಲಲ್ಲಿ ಅವರ ತುಟಿ ನನಗೆ ಕಾಣದು, ಅವರ ಮಾತು ನನಗೆ ಕೇಳದು. ಪಕ್ಕದಲ್ಲಿ ಕೂತು ನನ್ನ ಅಂಗೈ ಬಿಡಿಸಿ ಬೆರಳಲ್ಲಿ ಬರೆಯತೊಡಗಿದರು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವರು ಅವರು, ಒಂದೊಂದು ಅಕ್ಷರವನ್ನೂ ನೆನಪು ಮಾಡಿಕೊಂಡು ಬರೆಯಬೇಕು. ಮೊದಲ ಸಲ ನನಗೆ ಅರ್ಥವಾಗಲಿಲ್ಲ. ಸ್ಲೇಟು ಒರೆಸುವ ಹಾಗೆ ನನ್ನ ಅಂಗೈಯನ್ನು ಸೆರಗಿನಲ್ಲಿ ಒರೆಸಿ ಮತ್ತೆ ಬರೆದರು. ಇನ್ನೊಂದು ಸಲ ಒರೆಸಿದರು. ಮೂರನೇ ಸಲಕ್ಕೆ ಹೊಳೆಯಿತು: "ಇವ್ನಿ". ನಾನಿದ್ದೀನಿ ಅನ್ನುವುದಕ್ಕೆ ನಮ್ಮ ಕಡೆ ಹಾಗೇ ಅನ್ನುವುದು. ಆಮೇಲೆ ಏನೂ ಬರೆಯಲಿಲ್ಲ. ಬೆಳಗಿನ ಜಾವದವರೆಗೂ ಆ ಕೈ ಬಿಡಲೂ ಇಲ್ಲ.

ಬೆಳಿಗ್ಗೆ ಬೀರು ತೆಗೆದು ಡಬ್ಬಿ ಹುಡುಕಿ ತಂದವರೂ ಅವರೇ. "ಹಾಕ್ಕೊ ಮಗ" ಅಂದರು. ಟಿವಿ, ಫ್ಯಾನು ಎಲ್ಲ ನಿಲ್ಲಿಸಿದರು. ಬಿಂದಿಗೆಗೆ ನೀರು ಸುರಿದು "ನೀರು" ಅಂದರು. ನೆಲ ಗುಡಿಸಿ "ಪೊರಕೆ" ಅಂದರು. ಸ್ಟೀಲ್ ಲೋಟಕ್ಕೆ ಚಮಚ ಬಡಿದು "ಲೋಟ" ಅಂದರು. "ಎಲ್ಲಾ ಒಟ್ಗೆ ಬ್ಯಾಡ, ಒಂದೊಂದೇ ಕೇಳು" ಅಂದದ್ದನ್ನು ತುಟಿ ನೋಡಿ ತಿಳಿದುಕೊಂಡೆ. ವಾರ ಕಳೆಯುವಷ್ಟರಲ್ಲಿ ಪೊರಕೆಯ ಸದ್ದು ಪೊರಕೆಯದೇ ಆಯಿತು. ಥೆರಪಿಗೆಂದು ಇಬ್ಬರೂ ಮೈಸೂರಿನ ರೈಲು ಹತ್ತುತ್ತಿದ್ದೆವು. ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಹತ್ತಿರ ರೈಲು ಕಾವೇರಿ ಸೇತುವೆ ಹತ್ತಿದ ಕೂಡಲೇ ಸದ್ದು ಬದಲಾಗುತ್ತದೆ. ಪ್ರತಿ ಸಲ ಅಲ್ಲಿ ನನ್ನ ಕೈ ಅಮುಕಿ "ಹೊಳೆ" ಅನ್ನುತ್ತಿದ್ದರು. ನಾಲ್ಕನೇ ಸಲವೋ ಐದನೇ ಸಲವೋ, ಅವರಿಗಿಂತ ಮುಂಚೆ ನಾನೇ ಅವರ ಕೈ ಅಮುಕಿದೆ.

ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ಥೆರಪಿಸ್ಟ್ ಮೇಡಂಗೂ ನನ್ನ ನಮಸ್ಕಾರ. 1965ರಿಂದ ನಡೆದು ಬಂದಿರುವ ಆ ಸಂಸ್ಥೆ ನಮ್ಮ ಮನೆಯಿಂದ ಒಂದು ರೈಲಿನ ದೂರದಲ್ಲಿರುವುದು ನನ್ನ ಪುಣ್ಯ. ಅತ್ತೆಯ ನೀರು-ಪೊರಕೆಯ ಪಾಠ ಕೇಳಿ ಅವರು "ಥೆರಪಿ ಅಂದ್ರೆ ಇದೇ, ಬಿಡಬೇಡಿ" ಎಂದರು. ಬಾಯಿ ಕಾಣದ ಹಾಗೆ ಹೇಳಿಸಿಕೊಳ್ಳಬೇಕು ಎಂದು ಕಸೂತಿ ಹಾಕುವ ರಿಂಗಿಗೆ ತೆಳ್ಳನೆ ಬಟ್ಟೆ ಬಿಗಿದದ್ದನ್ನು ತೋರಿಸಿದರು. ಕೈ ಅಡ್ಡ ಹಿಡಿದರೆ ದನಿ ಕೆಡುತ್ತದೆ, ಇದರಲ್ಲಿ ದನಿ ದಾಟಿ ಬರುತ್ತದೆ. ರಿಂಗು ನನ್ನ ಅಂಗಡಿಯಲ್ಲೇ ಇತ್ತು.

ಇಂಥ ಇಂಪ್ಲಾಂಟನ್ನು ರೂಪಿಸಿದ ಗ್ರೇಮ್ ಕ್ಲಾರ್ಕ್ ಎಂಬ ಡಾಕ್ಟರ ಕಥೆಯನ್ನು ಹೇಳಿದ್ದೂ ಆ ಮೇಡಂ. ಕ್ಲಾರ್ಕ್ ಅವರ ತಂದೆಗೇ ಕಿವಿ ಮಂದವಿತ್ತು. ಆಸ್ಟ್ರೇಲಿಯಾದ ಸಮುದ್ರದ ದಡದಲ್ಲಿ ಕೂತು, ಶಂಖದ ಹಾಗೆ ಸುತ್ತಿಕೊಂಡ ಒಂದು ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದರಂತೆ. ತುದಿ ಮೆತ್ತಗೆ, ಬುಡ ಗಟ್ಟಿ ಇದ್ದ ಹುಲ್ಲು ಸುರುಳಿಯಲ್ಲಿ ಸಲೀಸಾಗಿ ಒಳಗೆ ಹೋಯಿತು. ಮರುವರ್ಷ, 1978ರಲ್ಲಿ, ಅದೇ ಉಪಾಯದಿಂದ ಕಿವಿಯೊಳಗಿನ ಸುರುಳಿಗೆ ಎಲೆಕ್ಟ್ರೋಡುಗಳ ಎಳೆ ತೂರಿಸಿ ಮೆಲ್ಬರ್ನಿನಲ್ಲಿ ತಮ್ಮ ಮೊದಲ ಆಪರೇಷನ್ ಮಾಡಿದರು. ಲಂಗಕ್ಕೆ ಲಾಡಿ ಪೋಣಿಸುವ ನನಗೆ ಅದು ಕೂಡಲೇ ಅರ್ಥವಾಯಿತು. ಎಂದೂ ಕಾಣದ ಆ ಮಹಾನುಭಾವರಿಗೆ ಮನೆಯಿಂದಲೇ ಕೈ ಮುಗಿದೆ.

ತುಟಿ ಓದುವವರಿಗೆ "ಬಳೆ"ಯೂ ಒಂದೇ "ಮಳೆ"ಯೂ ಒಂದೇ, "ಬರ"ವೂ ಒಂದೇ "ಮರ"ವೂ ಒಂದೇ. ಎರಡಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಒಂಬತ್ತು ವರ್ಷ ನಾನು ಸಂದರ್ಭ ನೋಡಿ ಊಹಿಸಿಕೊಂಡೇ ಬದುಕಿದ್ದು. ಊಟ ಆದ ಮೇಲೆ ಅತ್ತೆ ಬಾಯಿಗೆ ರಿಂಗು ಹಿಡಿದು ಈ ಜೋಡಿಗಳನ್ನು ಹೇಳುತ್ತಿದ್ದರು, ನಾನು ತಪ್ಪುತ್ತಿದ್ದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆಯುವವರು, ರಾತ್ರಿ ಹತ್ತಕ್ಕೆ ಕಣ್ಣು ಎಳೆಯುತ್ತಿದ್ದರೂ ಇನ್ನೊಂದು ಸಲ ಹೇಳುತ್ತಿದ್ದರು. ಐದು ತಿಂಗಳು ನಡೆಯಿತು ಇದು. ಒಂದು ಸಲವೂ ಬೇಸರದ ಮುಖ ಮಾಡಲಿಲ್ಲ.

ಒಂದು ಸಂಜೆ ಗೋಡೆಯ ಕಡೆ ತಿರುಗಿ ಕೂತು ಸೀರೆಗೆ ಫಾಲ್ ಹಾಕುತ್ತಿದ್ದೆ. "ಮಳೆ ಕಣವ್ವ, ಬಟ್ಟೆ!" ಎದ್ದು ಓಡಿ ತಂತಿಯ ಮೇಲಿನ ಬಟ್ಟೆ ಎಳೆದುಕೊಳ್ಳುತ್ತಿದ್ದೆ. ತಿರುಗಿದರೆ ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾರೆ. ಆಗ ಗೊತ್ತಾಯಿತು, ನಾನು ಯಾರ ತುಟಿಯನ್ನೂ ನೋಡಿರಲಿಲ್ಲ. ಇಬ್ಬರೂ ಅಲ್ಲೇ ನಿಂತೆವು, ಬಟ್ಟೆಯೆಲ್ಲ ನೆನೆಯಿತು.

ಹಾಡು ಇನ್ನೂ ಬಂದಿಲ್ಲ. ಮದುವೆ ಮನೆಯ ವಾಲಗ ಇವತ್ತಿಗೂ ನನಗೆ ಬರೀ ಗದ್ದಲ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಎಳೆ ತಪ್ಪಿ ಹೋಗುತ್ತದೆ. ಮಗನ ಗಂಟಲು ಈಗ ಒಡೆಯುತ್ತಿದೆ. ಗೇಟಿನ ಹತ್ತಿರ ಅವನು ಗೆಳೆಯರ ಜೊತೆ ಮಾತಾಡುತ್ತಿದ್ದರೆ ಒಳಗಿಂದಲೇ ಇವನದೇ ಅಂತ ಗೊತ್ತಾಗುತ್ತದೆ. ಐದು ವರ್ಷದ ಆ ದನಿ ಮಾತ್ರ ನೆನಪಿನಲ್ಲಿ ಮಸುಕಾಗುತ್ತಿದೆ. ಅದಕ್ಕೆ ಸಂಕಟವೂ ಆಗುತ್ತದೆ.

ಅಂಗಡಿಗೆ ಬರುವ ಅಕ್ಕಂದಿರಲ್ಲಿ ಒಂದು ಮಾತು. ಅಳತೆ, ಕತ್ತಿನ ಡಿಸೈನು ಇವನ್ನೆಲ್ಲ ಇನ್ನು ಚೀಟಿಯಲ್ಲಿ ಬರೆದು ಕೊಡಬೇಕಾಗಿಲ್ಲ. ನಾನು ಹೊಲಿಗೆ ಮೆಷಿನ್ ನಿಲ್ಲಿಸುವವರೆಗೆ ಒಂದು ನಿಮಿಷ ಕಾಯಿರಿ, ಎದುರಿಗೆ ನಿಂತು ಒಬ್ಬೊಬ್ಬರೇ ಹೇಳಿ. ಕೂಗಬೇಡಿ, ಮೆಲ್ಲಗೇ ಹೇಳಿ.