ರಮಾಬಾಯಿಯ ತಾಯಿ, ರಮಾಬಾಯಿಯ ಮಗಳು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಓದು ಮುಗಿದ ಮೇಲೆ ಊರಿಗೆ ಬರುವುದಿಲ್ಲ, ಪುಣೆಯಲ್ಲಿಯೇ ನಿರ್ಗತಿಕ ಹೆಂಗಸರ ಆಶ್ರಯಧಾಮದಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದು ಬರೆದಿದ್ದೀಯ. ನಿನ್ನ ಅಪ್ಪ ಪತ್ರವನ್ನು ಓದಿ ಮಡಚಿಟ್ಟರು, ಏನೂ ಹೇಳಲಿಲ್ಲ. ನನಗೆ ಹೇಳುವುದಿದೆ. ವಿಧವೆಯರಿಗೂ ಅನಾಥ ಹುಡುಗಿಯರಿಗೂ ಆಶ್ರಯ, ಓದು ಕೊಟ್ಟ ಪಂಡಿತಾ ರಮಾಬಾಯಿಯ ಹಾಗೆ ಬದುಕಬೇಕು ಎಂದಿದ್ದೀಯಲ್ಲ, ಆ ಮಾತನ್ನೇ ಹಿಡಿದು ಬರೆಯುತ್ತೇನೆ. ರಮಾಬಾಯಿ ಒಬ್ಬಂಟಿಯಾಗಿ ಎಲ್ಲವನ್ನೂ ಸಾಧಿಸಿದರು ಎನ್ನುವಂತೆ ಭಾಷಣಗಳಲ್ಲಿ ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅವರ ಹಿಂದೆ ಒಬ್ಬ ತಾಯಿ ಇದ್ದರು, ಜೊತೆಯಲ್ಲಿ ಒಬ್ಬ ಮಗಳಿದ್ದಳು.

ತಾಯಿ ಲಕ್ಷ್ಮೀಬಾಯಿ. ಮದುವೆಯಾದಾಗ ವಯಸ್ಸು 9, ಗಂಡ ಅನಂತಶಾಸ್ತ್ರಿ ಡೋಂಗ್ರೆಯವರಿಗೆ 44. ಈ ಲೆಕ್ಕ ಓದಿದಾಗಲೆಲ್ಲ ನನ್ನ ಕರುಳು ಚುರುಕ್ ಎನ್ನುತ್ತದೆ. ಆದರೂ ಆ ಮನುಷ್ಯ ತನ್ನ ಕಾಲದವರು ಮಾಡದ ಕೆಲಸ ಮಾಡಿದರು, ಹೆಂಡತಿಗೆ ಸಂಸ್ಕೃತ ಕಲಿಸಿದರು. ಊರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆಯೆದುರು ನಿಂತು, ಹೆಂಗಸು ಓದಬಾರದು ಎಂದು ಶಾಸ್ತ್ರ ಹೇಳುವುದಿಲ್ಲ ಎಂದು ವಾದಿಸಬೇಕಾಯಿತು. ಆಮೇಲೆ ಹೆಂಡತಿಯನ್ನು ಕರೆದುಕೊಂಡು ಘಟ್ಟದ ಮೇಲಿನ ಗಂಗಾಮೂಲದ ಕಾಡು ಸೇರಿದರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಅದೇ ಗಂಗಾಮೂಲ. ಮೊದಲ ರಾತ್ರಿ ತಲೆಯ ಮೇಲೆ ಸೂರೂ ಇರಲಿಲ್ಲ. ಹುಲಿಯ ಕೂಗು ಕೇಳುತ್ತ ಆ ಹುಡುಗಿ ಬೆಳಗು ಮಾಡಿದಳಂತೆ.

1858ರ ಏಪ್ರಿಲ್‌ನಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿಯೇ. ಮಗು ಇನ್ನೂ ಅಂಬೆಗಾಲಿಡುವ ಮೊದಲೇ ಸಂಸಾರ ತೀರ್ಥಯಾತ್ರೆಗೆ ಹೊರಟಿತು, ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಘಟ್ಟ ಇಳಿಸಿದರು. ಆಮೇಲೆ ಅವರಿಗೆ ನೆಲೆಯೆಂಬುದು ಇರಲಿಲ್ಲ. ದೇವಸ್ಥಾನಗಳಲ್ಲಿ ಪುರಾಣ ಓದುವುದು, ಬಂದ ದಕ್ಷಿಣೆಯಲ್ಲಿ ಊಟ. ಹಗಲಿಡೀ ಲಕ್ಷ್ಮೀಬಾಯಿಗೆ ಮನೆಗೆಲಸ, ಅತಿಥಿಗಳು, ಮಕ್ಕಳು. ಪಾಠಕ್ಕೆ ಉಳಿದದ್ದು ಬೆಳಗಿನ ಜಾವ ಒಂದೇ. ನಿದ್ದೆಗಣ್ಣಿನ ಮಗುವನ್ನು ಮುದ್ದು ಮಾಡಿ, ಪುಸಲಾಯಿಸಿ ಎಬ್ಬಿಸಿ, ಹಕ್ಕಿಗಳು ಉಲಿಯಲು ಶುರುಮಾಡುವವರೆಗೆ ಶ್ಲೋಕ ಹೇಳಿಕೊಡುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕ ಆ ಹುಡುಗಿಯ ಬಾಯಲ್ಲಿ ನಿಂತದ್ದು ಹೀಗೆ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂದು ಬಿರುದು ಕೊಟ್ಟಾಗ ಅದರಲ್ಲಿ ಅರ್ಧ ಪಾಲು ಆ ತಾಯಿಯದು ಎಂದೇ ನಾನು ತಿಳಿದಿದ್ದೇನೆ.

ಆ ಸನ್ಮಾನವನ್ನು ನೋಡಲು ಲಕ್ಷ್ಮೀಬಾಯಿ ಇರಲಿಲ್ಲ. 1874ರ ಸುಮಾರಿಗೆ ಬರ ಬಂದು ಕೈಯಲ್ಲಿದ್ದುದೆಲ್ಲ ಕರಗಿತು. ಕಾಡಿನ ಎಲೆ, ಕಾಡು ಖರ್ಜೂರ ತಿಂದು ದಿನ ದೂಡಿದರು. ಮೊದಲು ತಂದೆ, ಆಮೇಲೆ ತಾಯಿ, ಆಮೇಲೆ ಅಕ್ಕ ಕೃಷ್ಣಾಬಾಯಿ ಹೋದರು. ತಾಯಿಯ ಹೆಣ ಹೊರಲು ಜನ ಸಿಗಲಿಲ್ಲ. ಕಡೆಗೆ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರು, ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ರಮಾ. ಹುಡುಗಿ ಗಿಡ್ಡ, ಚಟ್ಟ ಹೆಗಲಿಗೆ ಸರಿಹೊಂದಲಿಲ್ಲ. ತಲೆಯ ಮೇಲೆ ಹೊತ್ತಳು.

1896ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತಕ್ಕೆ ಹೋಗಿ ಅನಾಥ ಹುಡುಗಿಯರನ್ನೂ ಎಳೆಯ ವಿಧವೆಯರನ್ನೂ ಕರೆತಂದರಲ್ಲ, ಅದನ್ನು ಬರೀ ದಯೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಆ ಹಸಿವು ಅವರಿಗೆ ಗೊತ್ತಿತ್ತು. ಅಷ್ಟು ಹೊತ್ತಿಗೆ ವಿಧವೆಯರಿಗಾಗಿ ಅವರು ನಡೆಸುತ್ತಿದ್ದ ವಸತಿಶಾಲೆ ಶಾರದಾ ಸದನಕ್ಕೆ ಏಳು ವರ್ಷ. 1889ರಲ್ಲಿ ಮುಂಬೈಯಲ್ಲಿ ತೆರೆದು ಮರುವರ್ಷ ಪುಣೆಗೆ ತಂದದ್ದು. ಅಲ್ಲಿ ಮೊದಲು ಸೇರಿದ ವಿಧವೆ ಗೋದುಬಾಯಿಯೇ ಮುಂದೆ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಇಂಗ್ಲೆಂಡಿನಲ್ಲಿ 1883ರಲ್ಲಿ ರಮಾಬಾಯಿ ಕ್ರೈಸ್ತರಾಗಿದ್ದರು. ಅದರಿಂದ ಪುಣೆಯಲ್ಲಿ ದೊಡ್ಡ ಗದ್ದಲವಾಗಿ 1893ರಲ್ಲಿ ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು, ರಾನಡೆಯವರಂಥ ಹಿತೈಷಿಗಳೂ ಸಲಹಾ ಮಂಡಳಿಯಿಂದ ಹೊರಬಂದರು. ಎರಡು ಕಡೆಯವರ ಸಂಕಟವೂ ನನಗೆ ಅರ್ಥವಾಗುತ್ತದೆ. ಆದರೆ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸಿದ್ದ ಹುಡುಗಿಗೆ ಬಾಗಿಲು ತೆರೆದವರು ಅಂದು ಎಷ್ಟು ಮಂದಿ ಇದ್ದರು, ಹೇಳು.

ಇನ್ನು ಮಗಳು. ಮನೋರಮಾ ಹುಟ್ಟಿದ್ದು 1881ರಲ್ಲಿ. ವರ್ಷ ತುಂಬುವ ಮೊದಲೇ ತಂದೆ ಬಿಪಿನ್ ಬಿಹಾರಿ ಮೇಧಾವಿ ಕಾಲರಾದಿಂದ ತೀರಿಕೊಂಡರು. ಆ ಕೂಸನ್ನು ಕಟ್ಟಿಕೊಂಡು ರಮಾಬಾಯಿ ಪುಣೆಗೆ ಬಂದರು, ಹಡಗು ಹತ್ತಿದರು. ಮಗಳ ಧಾರ್ಮಿಕ ಶಿಕ್ಷಣದ ವಿಷಯದಲ್ಲಿ ಇಂಗ್ಲೆಂಡಿನ ಸಂನ್ಯಾಸಿನಿಯರೊಡನೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಮತ ಬದಲಿಸಿದರೂ ಬುದ್ಧಿಯನ್ನು ಯಾರ ಕೈಗೂ ಕೊಡದ ಹೆಣ್ಣು.

ಮನೋರಮಾ ಬೆಳೆದು ತಾಯಿಯ ಬಲಗೈಯಾದಳು. ನೀನು ಊರಿಗೆ ಬರುವಾಗ ರೈಲು ಪುಣೆ ಬಿಟ್ಟು ದೌಂಡ್ ಸೇರುವ ಮೊದಲು ಕೇಡಗಾಂವ್ ಸಿಗುತ್ತದಲ್ಲ, ಅಲ್ಲಿದೆ ರಮಾಬಾಯಿ ಕಟ್ಟಿದ ಆಶ್ರಯಧಾಮ ಮುಕ್ತಿ ಮಿಷನ್. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನ. ನೇಯ್ಗೆ, ಎಣ್ಣೆ ಗಾಣ, ಮುದ್ರಣಾಲಯ, ಹೊಲಗದ್ದೆ, ಎಲ್ಲವನ್ನೂ ಹೆಂಗಸರೇ ನಡೆಸುತ್ತಿದ್ದರು. ಕಣ್ಣು ಕಾಣದ ಹುಡುಗಿಯರಿಗೆ ಮನೋರಮಾ ಬ್ರೈಲ್ ಕಲಿಸಿದಳು. 1912ರಲ್ಲಿ ತಾಯಿ ಮಗಳು ನಮ್ಮ ಕಲಬುರಗಿಯಲ್ಲಿಯೂ ಒಂದು ಹೈಸ್ಕೂಲು ತೆರೆದರು, ಮನೋರಮಾ ಅದರ ಮುಖ್ಯೋಪಾಧ್ಯಾಯಿನಿ. ಆಗ ಇದು ನಿಜಾಮರ ಸೀಮೆ, ಹೆಣ್ಣುಮಕ್ಕಳ ಓದು ದೂರದ ಮಾತು. ನಾವು ಈ ಊರಿನವರಾಗಿ ಅವಳ ಹೆಸರನ್ನು ಹೇಳುವುದೇ ಇಲ್ಲವಲ್ಲ ಎಂದು ನನಗೆ ನಿಜವಾಗಿ ನೋವಾಗುತ್ತದೆ.

1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡಳು. ವಯಸ್ಸು ನಲವತ್ತು. ತನ್ನ ನಂತರ ಎಲ್ಲವನ್ನೂ ನೋಡಿಕೊಳ್ಳುತ್ತಾಳೆಂದು ನಂಬಿದ್ದ ಮಗಳನ್ನು ಕಳೆದುಕೊಂಡು ರಮಾಬಾಯಿ ಒಂದು ವರ್ಷವೂ ಬದುಕಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು.

ಇಷ್ಟೆಲ್ಲ ಬರೆದದ್ದು ನಿನ್ನನ್ನು ತಡೆಯಲು ಅಲ್ಲ. ಹೋಗು, ಸೇರು. ಆದರೆ ಸೇರುವ ಮೊದಲು ಕೆಲವು ವಿಷಯ ಕೇಳಿ ತಿಳಿದುಕೊಂಡು ನನಗೆ ಬರೆ. ರಾತ್ರಿ ಪಾಳಿಯಲ್ಲಿ ನಿನ್ನ ಜೊತೆ ಎಷ್ಟು ಜನ ಇರುತ್ತಾರೆ? ವಾರಕ್ಕೊಂದು ರಜೆ ಕೊಡುತ್ತಾರೆಯೇ? ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು ಯಾರು? ಸಂಬಳದ ವಿಷಯ ಕೇಳಲು ಸಂಕೋಚಪಡಬೇಡ. ಅಪ್ಪನಿಗೆ ಭಾನುವಾರ ಬೆಳಗ್ಗೆ ನೀನೇ ಫೋನ್ ಮಾಡು, ಅಷ್ಟರಲ್ಲಿ ನಾನು ಈ ಪತ್ರದ ವಿಷಯವನ್ನು ಅವರ ಕಿವಿಗೆ ಹಾಕಿರುತ್ತೇನೆ.

ನಿನ್ನ ಅಮ್ಮ